ಬೆಟ್ಟದ ಮೇಲೆ ಕಾಣದ ಚಿತ್ರ

ಅಜ್ಜನ ಮರದ ಪೆಟ್ಟಿಗೆಯ ತಳದಲ್ಲಿ, ಹಳೆಯ ಪಂಚಾಂಗಗಳ ನಡುವೆ ಎಷ್ಟೋ ವರ್ಷ ನಿದ್ರಿಸುತ್ತಿದ್ದ ಫಿಲ್ಮ್ ಕ್ಯಾಮರಾಗಳು ಈಚೆಗೆ ಎಚ್ಚೆತ್ತು, ಮೊಮ್ಮಕ್ಕಳ ಕೊರಳಿಗೆ ಜೋತುಬಿದ್ದು ಬೆಟ್ಟ ಹತ್ತತೊಡಗಿರುವುದನ್ನು ಕಂಡು ನಗುವವರಿದ್ದಾರೆ. ಆ ನಗೆ ನಿಷ್ಕಾರಣವಾದುದೆಂದು ನಾನು ಹೇಳಲಾರೆ. ಅಂಗೈಯೊಳಗಿನ ಮೊಬೈಲು ನಿಮಿಷಾರ್ಧದಲ್ಲಿ ಹತ್ತಾರು ಚಿತ್ರಗಳನ್ನು ಹಿಡಿದುಕೊಡುತ್ತಿರಲು, ಬುತ್ತಿ ನೀರುಗಳ ಹೊರೆಯೊಡನೆ ಇನ್ನೊಂದಿಷ್ಟು ಲೋಹವನ್ನೂ ಹೊತ್ತು, ಸುರುಳಿಯೊಂದಕ್ಕೆ 36 ಚಿತ್ರಗಳೆಂಬ ಬಡತನವನ್ನು ತಾನಾಗಿ ವರಿಸಿ, ಅವಾದರೂ ಸರಿಯಾಗಿ ಮೂಡಿವೆಯೋ ಇಲ್ಲವೋ ಎಂಬ ಸಂಶಯವನ್ನು ಊರಿನವರೆಗೂ ಕಟ್ಟಿಕೊಂಡು ಬರುವವನನ್ನು ವಿವೇಕಿಯೆಂದು ಕರೆಯಲು ಲೋಕ ಹಿಂಜರಿದರೆ ಅಚ್ಚರಿಯೇನು? ಆದರೂ ವಿರಾಮಕ್ಕೆಂದು ಬೆಟ್ಟ ಹತ್ತುವವನು ಒಯ್ಯತಕ್ಕದ್ದು ಈ ಹಳೆಯ ಯಂತ್ರವನ್ನೇ ಎಂಬುದು ನನ್ನ ಮತ. ಅದರ ಸದ್ಗುಣ ಯಾವುದೆಂದು ಕೇಳಿದರೆ, ಜನ ಅದರ ದೋಷವೆಂದು ಎಣಿಸುವುದನ್ನೇ ಬೆರಳಿಟ್ಟು ತೋರಿಸುತ್ತೇನೆ: ತೆಗೆದ ಚಿತ್ರವನ್ನು ಅದು ಬೆಟ್ಟದ ಮೇಲೆ ತೋರಿಸುವುದಿಲ್ಲ.

ಕುಮಾರಪರ್ವತದ ದಾರಿಯನ್ನೇ ನೆನೆಯೋಣ. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟು, ಬೇರುಗಳೇ ಮೆಟ್ಟಿಲಾದ ಕಾಡಿನಲ್ಲಿ ಬೆವರಿಳಿಸಿ, ಗಿರಿಗದ್ದೆಯ ಭಟ್ಟರ ಮನೆಯ ಅನ್ನ ಮಜ್ಜಿಗೆಗಳ ಪ್ರಸಿದ್ಧಿಯನ್ನು ಪರೀಕ್ಷಿಸಿ, ನೆರಳಿಲ್ಲದ ಹುಲ್ಲುಗಾವಲಿನ ಏರುಗಳಲ್ಲಿ ಸೂರ್ಯನಿಗೆ ಬೆನ್ನೊಡ್ಡಿ, ಕಲ್ಲುಮಂಟಪವನ್ನು ದಾಟಿ ಶೇಷಪರ್ವತದ ನೆತ್ತಿಗೆ ಬಂದು ನಿಂತವನಿಗೆ, ಕಾಲಬುಡದಲ್ಲೇ ಕಡಿದು ಬಿದ್ದಂತಿರುವ ಕಣಿವೆಯೂ ಅದರಿಂದೇಳುವ ಮಂಜೂ ಏಕಕಾಲಕ್ಕೆ ಎದುರಾಗುತ್ತವೆ. 1712 ಮೀಟರಿನ ತುದಿ ಇನ್ನೂ ಮುಂದಿರುತ್ತದೆ. ಅಲ್ಲಿ ನಾನು ಹಲವು ಸಲ ಕಂಡ ದೃಶ್ಯವಿದು: ಬಂದವರು ಚಿತ್ರ ತೆಗೆದು, ಒಡನೆಯೇ ಕಣಿವೆಗೆ ಬೆನ್ನುಹಾಕಿ, ಬಿಸಿಲಿಗೆ ಅಂಗೈ ಮರೆಮಾಡಿಕೊಂಡು, ತಾವು ಈಗತಾನೇ ನೋಡದೆ ಬಿಟ್ಟ ಕಣಿವೆ ಚೆನ್ನಾಗಿ ಬಂದಿದೆಯೇ ಎಂದು ಬಗ್ಗಿ ನೋಡುತ್ತಾರೆ. ತಲೆಯೆತ್ತುವಷ್ಟರಲ್ಲಿ ಮಂಜು ಕಣಿವೆಯನ್ನು ಮುಚ್ಚಿರುತ್ತದೆ.

ಫಿಲ್ಮಿನ ಕ್ಯಾಮರಾ ಹಿಡಿದವನ ಪರೀಕ್ಷೆಯೆಲ್ಲ ಗುಂಡಿ ಒತ್ತುವುದಕ್ಕೆ ಮುಂಚಿನದು. ನಿಚ್ಚಳವಾದ ಬಿಸಿಲಿನಲ್ಲಿ ಲೆನ್ಸಿನ ಬಾಯನ್ನು 16ರ ಅಂಕೆಗಿಟ್ಟು, 100ರ ವೇಗದ ಫಿಲ್ಮಿಗೆ ಷಟರನ್ನು ಸೆಕೆಂಡಿನ 125ನೆಯ ಒಂದು ಭಾಗಕ್ಕೆ ತಿರುಗಿಸಬೇಕೆಂಬ ಹಳೆಯ ಸೂತ್ರವನ್ನು ಅವನು ಬಲ್ಲ. ಮೋಡ ಕವಿದಾಗ ಬಾಯನ್ನು ಎಷ್ಟು ತೆರೆಯಬೇಕೆಂಬುದನ್ನು ನೆರಳಿನ ಅಂಚು ನೋಡಿ ಊಹಿಸುತ್ತಾನೆ. ಬೆಳಕಿನ ಮಾಪಕವು ಬಿಳಿಯ ಮಂಜನ್ನೂ ಬೂದಿಯೆಂದೇ ಭ್ರಮಿಸುವುದರಿಂದ, ಅದು ಹೇಳಿದ್ದಕ್ಕಿಂತ ಇಮ್ಮಡಿ ಬೆಳಕನ್ನು ಒಳಬಿಡಬೇಕೆಂಬುದನ್ನು ಒಂದೆರಡು ಸುರುಳಿ ಕೆಡಿಸಿಕೊಂಡು ಕಲಿತಿರುತ್ತಾನೆ. ಇದೆಲ್ಲಕ್ಕೂ ಅವನು ನೋಡಬೇಕಾದದ್ದು ಬೆಟ್ಟವನ್ನೇ. ಗುಂಡಿ ಒತ್ತಿಯಾದ ಮೇಲೆ ಬಿಂಬವು ಬೆಳ್ಳಿಯ ಲವಣದ ಕಣಗಳಲ್ಲಿ ಅಡಗಿ ಕುಳಿತಿತು. ಕತ್ತಲೆಕೋಣೆಯ ರಸಾಯನವಲ್ಲದೆ ಮತ್ತಾವುದೂ ಅದನ್ನು ಹೊರಕ್ಕೆ ಕರೆಯಲಾರದು. ಹೆಪ್ಪಿಟ್ಟ ಪಾತ್ರೆಯನ್ನು ಗಳಿಗೆಗೊಮ್ಮೆ ಅಲುಗಿಸಿ ನೋಡಿದರೆ ಗಟ್ಟಿ ಮೊಸರು ದಕ್ಕದೆಂಬುದು ನಮ್ಮ ಅಡಿಗೆಮನೆಗಳ ಅನುಭವ. ಇಲ್ಲಿಯಂತೂ ಮುಚ್ಚಳ ತೆರೆದರೆ ಹಾಲೂ ಇಲ್ಲ. ಹೀಗೆ ಮಾಡುವುದಕ್ಕೆ ಬೇರೇನೂ ಉಳಿಯದ ಆ ಮನುಷ್ಯ ನಿರುಪಾಯನಾಗಿ ಮತ್ತೆ ಕಣಿವೆಯನ್ನು ನೋಡುತ್ತಾನೆ.

ಆ ನಿರುಪಾಯದ ಬೆಲೆಯನ್ನು ನಾನು ಅರಿತದ್ದು ನನ್ನದೇ ಅವಿವೇಕದಿಂದ. ಒಮ್ಮೆ ಗಿರಿಗದ್ದೆಯಲ್ಲಿ ಅವಸರದಿಂದ ಸುರುಳಿ ತುಂಬಿದವನು, ಫಿಲ್ಮಿನ ನಾಲಗೆ ಎದುರಿನ ಕಡ್ಡಿಗೆ ಕಚ್ಚಿಕೊಂಡಿದೆಯೇ ಎಂದು ನೋಡದೆ ಬೆನ್ನು ಮುಚ್ಚಿಬಿಟ್ಟೆ. ಸನ್ನೆ ಎಳೆದಾಗಲೆಲ್ಲ ಎಡಗಡೆಯ ಗುಬಟು ತಿರುಗಬೇಕು. ತಿರುಗದಿದ್ದರೆ ಒಳಗೆ ಫಿಲ್ಮು ಸಾಗುತ್ತಿಲ್ಲವೆಂದೇ ಅರ್ಥ. ಎಣಿಕೆಯ ಮುಳ್ಳು ಮಾತ್ರ ಪ್ರಾಮಾಣಿಕ ಗುಮಾಸ್ತನಂತೆ ಒಂದೊಂದೇ ಅಂಕೆ ಬರೆದುಕೊಳ್ಳುತ್ತಿರುತ್ತದೆ. ಅದು 38ನ್ನು ತೋರಿಸಿದಾಗ ನನ್ನ ಎದೆ ಧಸಕ್ಕೆಂದಿತು. ಊರಿಗೆ ಬಂದು ತೆರೆದರೆ ಸುರುಳಿ ಕೊಂಡಂದು ಇದ್ದಂತೆಯೇ ಇತ್ತು. ಎರಡು ದಿನ ಊಟ ರುಚಿಸಲಿಲ್ಲವೆಂಬುದು ನಿಜ. ಆದರೆ ಹುಲ್ಲಿನ ಇಳಿಜಾರನ್ನು ಏರಿ ಬಂದ ಮೋಡದ ನೆರಳು, ತುದಿಯ ಕೆಳಗಿನ ಶೋಲಾ ಕಾಡಿನ ಕಪ್ಪು ಬಾಗಿಲು, ಒದ್ದೆ ಬಂಡೆಯನ್ನು ಅಂಗೈಯೂರಿ ಹತ್ತುತ್ತಿದ್ದ ಗೆಳೆಯನ ಹರಿದ ಚಪ್ಪಲಿ, ಇವನ್ನೆಲ್ಲ ನಾನು ಇಂದಿಗೂ ಒಂದಾದ ಮೇಲೊಂದರಂತೆ ಹೇಳಬಲ್ಲೆ. ಮೊಬೈಲಿನಲ್ಲಿ ನಾನೂರು ಚಿತ್ರ ತಂದ ಇನ್ನೊಂದು ಯಾತ್ರೆಯ ವಿಷಯ ಕೇಳಿದರೆ, ಮೊಬೈಲನ್ನೇ ಕೇಳಬೇಕು.

ನಮ್ಮ ನೆರೆಯ ನೀಲಗಿರಿಯ ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರ್ಖಾನೆಯ ಫಿಲ್ಮಿಗೆ ‘ಇಂದು’ ಎಂದು ಹೆಸರು. ಬೆಳ್ಳಿಯಿಂದ ಆಗುವ ಪದಾರ್ಥಕ್ಕೆ ಸಂಸ್ಕೃತದ ಚಂದ್ರನ ಹೆಸರು ಒಪ್ಪುವಂಥದೇ. ಕನ್ನಡದ ಕಿವಿಗಾದರೋ ಅದು ‘ಈ ಹೊತ್ತು’ ಎಂದು ಕೇಳಿಸುತ್ತದೆ. ಹೆಸರು ‘ಇಂದು’ ಆದರೂ ಆ ಫಿಲ್ಮು ಇಂದೇ ಏನನ್ನೂ ಕೊಡುತ್ತಿರಲಿಲ್ಲ. ಎಲ್ಲವನ್ನೂ ನಾಳೆಗೆ ಇಡುತ್ತಿತ್ತು. ಕಾರ್ಖಾನೆ ಬಾಗಿಲು ಮುಚ್ಚಿತು. ಇಂದಿನದನ್ನು ಇಂದೇ ನೋಡಿ ಮುಗಿಸಬೇಕೆಂಬ ಆತುರ ಮಾತ್ರ ನಮಗೆ ಉಳಿಯಿತು.

ಫಿಲ್ಮಿನ ಪರವಾಗಿ ಹೇಳಬಾರದ ಮಾತುಗಳೂ ಇವೆ. ಅದು ದುಬಾರಿ, ಸಂಸ್ಕರಿಸಿಕೊಡುವ ಅಂಗಡಿಗಳು ವಿರಳ, ಅದರ ಜೆಲಟಿನ್ ಪ್ರಾಣಿಗಳ ಮೂಳೆ ಚರ್ಮಗಳಿಂದ ಬಂದದ್ದು, ಅದನ್ನು ತೊಳೆದ ರಸಾಯನ ಹೊಳೆಗೆ ಹಿತವಲ್ಲ, ಆದ್ದರಿಂದ ಪ್ರಕೃತಿಪ್ರೇಮದ ಹೆಸರಿನಲ್ಲಿ ಯಾರೂ ಅದನ್ನು ಹೊಗಳದಿರಲಿ. ಹೊರಡುವವರಿಗೆ ಎರಡು ಸುರುಳಿ ಸಾಕು. ಅವನ್ನು ಸ್ವಂತ ಮೈಯ ನೆರಳಿನಲ್ಲಿ ಬದಲಿಸಬೇಕು. ಖಾಲಿ ಡಬ್ಬಿಗಳನ್ನು ಜೇಬಿನಲ್ಲೇ ತರಬೇಕು. ಹಿಮಾಲಯಕ್ಕೆ ಹೋಗುವವರು ಒಣ ಚಳಿಯಲ್ಲಿ ಸುರುಳಿಯನ್ನು ರಭಸದಿಂದ ಹಿಂದಕ್ಕೆ ಸುತ್ತಬಾರದು. ಸುತ್ತಿದರೆ ಘರ್ಷಣೆಯಿಂದ ಹುಟ್ಟಿದ ಕಿಡಿ ಚಿತ್ರದ ಮೇಲೆ ಮಿಂಚಿನ ಗೀರೆಳೆದೀತು. ಚಳಿಯಿಂದ ಬಂದ ಕ್ಯಾಮರಾವನ್ನು ಚೀಲ ಕಟ್ಟಿಯೇ ಬೆಚ್ಚನೆಯ ಕೋಣೆಗೆ ತರಬೇಕು. ಇಲ್ಲವಾದರೆ ಅದರೊಳಗೆಲ್ಲ ಬೆವರು.

ಫಿಲ್ಮು ಸಿಗದವರು ಈ ನಿಯಮವನ್ನು ಮೊಬೈಲಿನಿಂದಲೂ ಪಾಲಿಸಿಯಾರು: ಎಷ್ಟಾದರೂ ತೆಗೆಯಲಿ, ಬೆಟ್ಟ ಇಳಿಯುವವರೆಗೆ ಒಂದನ್ನೂ ನೋಡದಿರಲಿ. ನೋಡಿಕೊಳ್ಳದಿದ್ದರೆ ನಷ್ಟವಾದೀತೆಂದು ಅಂಜುವವರಿಗೆ ಎವರೆಸ್ಟಿನ ಮಾತೊಂದನ್ನು ನೆನಪಿಸುತ್ತೇನೆ. 1924ರಲ್ಲಿ ಮ್ಯಾಲರಿ ಮತ್ತು ಅರ್ವಿನ್ ಒಯ್ದ ಪುಟ್ಟ ಕೋಡಕ್ ಕ್ಯಾಮರಾ, 1999ರಲ್ಲಿ ಮ್ಯಾಲರಿಯ ದೇಹ ದೊರೆತಾಗಲೂ ದೊರೆಯಲಿಲ್ಲ. ಅವರು ತುದಿ ಮುಟ್ಟಿದರೋ ಇಲ್ಲವೋ ಎಂಬ ಪ್ರಶ್ನೆಯ ಉತ್ತರ ಅದರೊಳಗಿದ್ದೀತೆಂದು ಆಶಿಸುವವರು ಇನ್ನೂ ಇದ್ದಾರೆ. 1953ರ ಮೇ 29ರಂದು ತುದಿ ಮುಟ್ಟಿದ ಹಿಲರಿ, ಹಿಮಗೊಡಲಿಯನ್ನೆತ್ತಿ ನಿಂತ ತೇನ್‌ಸಿಂಗನ ಚಿತ್ರವನ್ನು ತೆಗೆದ. ಸಾಕ್ಷ್ಯಕ್ಕಾಗಿ ಕೆಳಗಣ ಏಣುಗಳ ಚಿತ್ರಗಳನ್ನೂ ತೆಗೆದ. ಅವು ಬಂದಿವೆಯೇ ಎಂದು ತಿಳಿಯುವ ಬಗೆಯಿಲ್ಲದೆ ಹದಿನೈದು ನಿಮಿಷಗಳಲ್ಲಿ ಇಳಿಯತೊಡಗಿದ. ಶಿಖರದ ಮೇಲೆ ನಿಂತ ಹಿಲರಿಯ ಚಿತ್ರ ಲೋಕದಲ್ಲಿ ಎಲ್ಲಿಯೂ ಇಲ್ಲ. ಅದನ್ನೊಂದು ಕೊರತೆಯೆಂದು ಅವನು ಎಣಿಸಲಿಲ್ಲ. ಕ್ಯಾಮರಾದ ಹಿಂದೆ ನಿಂತು ನೋಡುತ್ತಿದ್ದವನು ಅವನೇ ತಾನೆ?