ಹುತ್ತದ ಹಲ್ಲಿ ಯಾರಿಗೆ ಏನು ಮಾಡಿದೆ?

ಬೇಸಿಗೆಯಲ್ಲಿ ಹೊಲದ ಬದು ಸರಿ ಮಾಡಿಸ್ತಿದ್ದೆ. ಹಳೇ ಹುತ್ತದ ಒಂದು ಹೆಂಟೆ ಉರುಳಿದ್ದೇ ತಡ, ಒಳಗಿಂದ ದಪ್ಪನೆಯ ಹಲ್ಲಿಯೊಂದು ಹೊರಬಿತ್ತು. ಕಂದು ಮೈ, ಬಿಳಿ ಅಂಚಿನ ಕಪ್ಪು ಗುರುತುಗಳು, ಬೆನ್ನ ತುಂಬ ಸಾಲು ಸಾಲು ಗುಳ್ಳೆ. ಗುದ್ದಲಿ ಹಿಡಿದಿದ್ದವನು ಒಂದೇ ಏಟಿಗೆ ಮುಗಿಸಿದ. "ಮುಟ್ಬ್ಯಾಡ್ರಣ್ಣಾ, ಕಚ್ಚಿದ್ರೆ ನೀರು ಕೇಳಾಕೂ ಬಿಡಲ್ಲ" ಅಂದ.

ಅವನನ್ನು ಬೈದು ಫಲವಿಲ್ಲ. ನಮ್ಮಪ್ಪನೂ ಹಾಗೇ ಹೇಳ್ತಿದ್ದರು. ಆದರೆ ನಮ್ಮ ದೇಶದಲ್ಲಿ ಕಚ್ಚಿ ವಿಷ ಏರಿಸುವ ಹಲ್ಲಿ ಒಂದೂ ಇಲ್ಲ. ಬಿಗಿಯಾಗಿ ಹಿಡಿದರೆ ಚುರುಕ್ಕೆನ್ನುವಂತೆ ಕಚ್ಚೀತು, ಇಲ್ಲವೇ ಬಾಲ ಬಿಟ್ಟು ಓಡೀತು, ಅಷ್ಟೆ.

ಇಂಗ್ಲಿಷಿನಲ್ಲಿ ಇದಕ್ಕೆ 'ಟರ್ಮೈಟ್ ಹಿಲ್ ಗೆಕ್ಕೋ' ಅಂತಲೇ ಹೆಸರು. ಅಂದರೆ ಹುತ್ತದ ಹಲ್ಲಿ. 1802ರಷ್ಟು ಹಿಂದೆಯೇ ಫ್ರಾನ್ಸಿನ ಒಬ್ಬ ಪ್ರಾಣಿಶಾಸ್ತ್ರಜ್ಞ ಇದನ್ನು ಗುರುತಿಸಿ ಬರೆದಿಟ್ಟ. ಬೆನ್ನಿನ ಗುಳ್ಳೆಗಳು ಮೂರು ಏಣಿನವು, ಶಾಸ್ತ್ರೀಯ ಹೆಸರಿನಲ್ಲೂ ಅದೇ ಅರ್ಥ. 2018ರಲ್ಲಿ ಸಂಶೋಧಕರು ಮತ್ತೆ ಪರೀಕ್ಷಿಸಿ, ಒಂದೇ ಎಂದುಕೊಂಡಿದ್ದರಲ್ಲಿ ಬೇರೆ ಪ್ರಭೇದಗಳೂ ಸೇರಿವೆ ಅಂತ ತೋರಿಸಿದರು. ಬಯಲುಸೀಮೆಯ ಒಣನೆಲ, ಕಲ್ಲುಗುಡ್ಡೆ, ಹುತ್ತಗಳೇ ಇವುಗಳ ಮನೆ. ಹಗಲೆಲ್ಲ ಒಳಗಿದ್ದು ರಾತ್ರಿ ಮೇಯಲು ಬರುತ್ತವೆ. ಸಲಕ್ಕೆ ಎರಡು ಮೊಟ್ಟೆ. ಮುಚ್ಚಲು ಕಣ್ಣಿಗೆ ರೆಪ್ಪೆಯಿಲ್ಲ, ನಾಲಿಗೆಯಿಂದ ನೆಕ್ಕಿಯೇ ಕಣ್ಣಿನ ಧೂಳು ತೆಗೆದುಕೊಳ್ಳುತ್ತೆ! ಆಹಾರ ಗೆದ್ದಲು, ಜೀರುಂಡೆ, ಇತರ ಹುಳುಗಳು.

ಒಂದು ಹಲ್ಲಿ ಹುತ್ತದ ಗೆದ್ದಲನ್ನೆಲ್ಲ ಮುಗಿಸುತ್ತೆ ಅಂತ ನಾನು ಹೇಳಲಾರೆ. ಗೆದ್ದಲಿನ ಸಂಖ್ಯೆಯ ಮುಂದೆ ಅದು ಎಲ್ಲಿಯ ಲೆಕ್ಕ? ಆದರೆ ಕೂಲಿ ಕೇಳದೆ ರಾತ್ರಿಯೆಲ್ಲ ಕೆಲಸ ಮಾಡೋ ಆಳನ್ನು ನಾವೇ ಯಾಕೆ ಕೊಲ್ಲಬೇಕು?

ನಾನೂ ತಪ್ಪು ಮಾಡಿದವನೇ. ಹಿಂದೊಮ್ಮೆ ಗೆದ್ದಲಿನ ಸಿಟ್ಟಿಗೆ ಬದುವಿನ ಹುತ್ತಕ್ಕೆ ಕ್ಲೋರ್‌ಪೈರಿಫಾಸ್ ಕಲಸಿ ಎರಡು ಬಿಂದಿಗೆ ಸುರಿದೆ. ಬೆಳಗ್ಗೆ ಬಾಯಲ್ಲಿ ಎರಡು ಹಲ್ಲಿ, ಒಂದು ಹಾವುರಾಣಿ ಹೊಟ್ಟೆ ಮೇಲಾಗಿ ಬಿದ್ದಿದ್ದವು. ಮುಂದಿನ ಮಳೆಗೆ ಗೆದ್ದಲು ಅದೇ ಜಾಗದಲ್ಲಿ ಹೊಸ ಮಣ್ಣು ಏರಿಸಿತು. ಹಲ್ಲಿ ಮಾತ್ರ ಎಷ್ಟೋ ದಿನ ಕಾಣಲಿಲ್ಲ. ನಾಗರಪಂಚಮಿಗೆ ಹಾಲೆರೆಯೋ ಹುತ್ತಕ್ಕೇ ಉಳಿದ ದಿನ ವಿಷ ಎರೆಯೋದು ಎಂಥ ಭಕ್ತಿಯೋ!

ಸಸಿ ಗುಂಡಿಯಲ್ಲಿ ಗೆದ್ದಲು ಬಂದರೆ ಅಲ್ಲಿ ನೋಡಿಕೊಳ್ಳೋಣ. ಒಣಗಿದ ಬೇರಿಗೆ, ತೇವ ತಪ್ಪಿದ ಬೆಳೆಗೆ ಅದು ಬೇಗ ಬಾಯಿ ಹಾಕುತ್ತೆ. ಹದಕ್ಕೆ ನೀರು ಕೊಟ್ಟರೆ ಅರ್ಧ ತೊಂದರೆ ತಪ್ಪುತ್ತೆ. ಬದುವಿನ ಹುತ್ತ, ಅದರಲ್ಲೂ ಗೆದ್ದಲು ಬಿಟ್ಟುಹೋದ ಹಳೇ ಹುತ್ತ, ಬೆಳೆಗೆ ಯಾವ ಅಡ್ಡಿ?

ಆವತ್ತು ಉಳಿದಿದ್ದ ಅರ್ಧ ಹುತ್ತವನ್ನು ಹಾಗೇ ಬಿಡಿಸಿದೆ. ಬದು ಅಲ್ಲಿ ಸ್ವಲ್ಪ ಸೊಟ್ಟಗಾಗಿದೆ. ನೋಡಿದವರು ನಗ್ತಾರೆ, ನಗಲಿ.