ಸೋಲಿನ ಪಾಠಕ್ಕೆ ಮೇಷ್ಟರು ಯಾರು?

‘ಸೋಲೇ ಗೆಲುವಿನ ಸೋಪಾನ’ವೆಂಬ ಮಾತನ್ನು ಬಹುಮಾನ ವಿತರಣೆಯ ಸಭೆಗಳಲ್ಲಿ ಕೇಳದವರಿಲ್ಲ. ಹೇಳುವವರು ಸಾಮಾನ್ಯವಾಗಿ ಅಧ್ಯಕ್ಷರು. ಅವರು ಚದುರಂಗ ಆಡುವವರಲ್ಲ. ಆ ಮಾತು ನಿಜವಾಗಿದ್ದರೆ ನನ್ನಂಥವರು ಇಷ್ಟು ಹೊತ್ತಿಗೆ ಗ್ರ್ಯಾಂಡ್‌ಮಾಸ್ಟರುಗಳಾಗಿರಬೇಕಿತ್ತು! ಸೋಲು ತಾನಾಗಿ ಯಾರಿಗೂ ಏನನ್ನೂ ಕಲಿಸುವುದಿಲ್ಲ. ಕಲಿಸುವುದು ಸೋಲಿನ ವಿಚಾರಣೆ. ನಮ್ಮ ಹವ್ಯಾಸಿ ಆಟಗಾರರು ತಪ್ಪಿಸಿಕೊಂಡು ತಿರುಗುತ್ತಿರುವುದು ಅದರಿಂದಲೇ.

ಯಾವುದಾದರೂ ಭಾನುವಾರದ ಪಂದ್ಯಾವಳಿಗೆ ಹೋಗಿ ಬಾಗಿಲ ಬಳಿ ನಿಲ್ಲಿ. ಸೋತು ಬಂದವನಿಗೆ ಸಮಯ ಸಾಲದಾಗಿತ್ತು, ಫ್ಯಾನು ತಿರುಗುತ್ತಿರಲಿಲ್ಲ, ಪಕ್ಕದ ಮೇಜಿನವನು ಕೆಮ್ಮುತ್ತಿದ್ದ. ತಾನು ತಪ್ಪಿದೆನೆಂಬ ಒಂದನ್ನು ಬಿಟ್ಟು ಉಳಿದೆಲ್ಲ ಕಾರಣಗಳೂ ಸಿದ್ಧ. ಸೋತದ್ದು ಮಗುವಾದರೆ, ಕಾದು ನಿಂತ ತಾಯಿತಂದೆಯರ ಪ್ರಶ್ನೆ ಒಂದೇ: ‘ಗೆದ್ದೆಯಾ?’ ‘ಏನು ಯೋಚಿಸಿ ಆ ಕಾಯಿ ನಡೆಸಿದೆ?’ ಎಂದು ಕೇಳುವವರು ಅಪರೂಪ.

ಇವೆಲ್ಲಕ್ಕಿಂತ ನಯವಾದ ನೆಪವೊಂದು ಈಗ ಎಲ್ಲರ ಜೇಬಿನಲ್ಲಿದೆ. ಆಟ ಮುಗಿದೊಡನೆ ನಡೆಗಳನ್ನು ಫೋನಿನಲ್ಲಿರುವ ಸ್ಟಾಕ್‌ಫಿಶ್‌ಗೆ ಒಪ್ಪಿಸುವುದು. 23ನೆಯ ನಡೆ ಘೋರ ತಪ್ಪೆಂದು ಅದು ತೋರಿಸಿದರೆ, ಪಾಠ ಕಲಿತಂತೆ ತಲೆದೂಗುವುದು. ಯಂತ್ರದ ಪಾಂಡಿತ್ಯವನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಯಾವ ನಡೆ ತಪ್ಪೆಂದು ಅದು ಬಲ್ಲದು. ಆದರೆ ಅದನ್ನು ನೀವೇಕೆ ಆಡಿದಿರೆಂಬುದನ್ನು ಹೇಗೆ ಬಲ್ಲದು?

ಒಮ್ಮೆ ನಾನು ಸೋತ ಮೂರು ಆಟಗಳ ಕಾರ್ಬನ್ ಪ್ರತಿಗಳನ್ನು ಮುಂದಿಟ್ಟುಕೊಂಡು, ಪ್ರತಿ ನಡೆಯ ಪಕ್ಕದಲ್ಲೂ ಆಗ ತಲೆಯಲ್ಲಿದ್ದುದನ್ನು ನೆನೆದು ಬರೆದೆ. ಒಂದರಲ್ಲಿ ಕುದುರೆ ಹೋಗಿತ್ತು, ಇನ್ನೊಂದರಲ್ಲಿ ಆನೆ, ಮತ್ತೊಂದರಲ್ಲಿ ರಾಜನೇ ಸಿಕ್ಕಿಬಿದ್ದಿದ್ದ. ಯಂತ್ರಕ್ಕೆ ಅವು ಮೂರು ಬೇರೆ ತಪ್ಪುಗಳು. ನನ್ನ ಟಿಪ್ಪಣಿಯಲ್ಲಿ ಮೂರೂ ಒಂದೇ: ಕಾಲಾಳೊಂದನ್ನು ಹೊಡೆದು ‘ಇನ್ನು ಗೆದ್ದಂತೆಯೇ’ ಎಂದುಕೊಂಡವನು, ಎದುರಾಳಿಯ ಉದ್ದೇಶವೇನೆಂದು ನೋಡುವುದನ್ನೇ ಬಿಟ್ಟಿದ್ದೆ. ಇದು ಚದುರಂಗದ ಅಜ್ಞಾನವಲ್ಲ; ಸ್ವಭಾವದ ದೋಷ. ಒಪ್ಪಿಕೊಳ್ಳಲು ನಾಚಿಕೆಯಾಯಿತು. ಆ ನಾಚಿಕೆಯೇ ಪಾಠ.

ಇದು ಸೋತವನ ವೇದಾಂತವೆನ್ನಬೇಡಿ. ವೃತ್ತಿಯಿಂದ ವಿದ್ಯುತ್ ಎಂಜಿನಿಯರಾಗಿದ್ದ ಮಿಖಾಯಿಲ್ ಬೊಟ್ವಿನಿಕ್, ಆಟಗಾರನು ತನ್ನ ಆಟಗಳನ್ನು ತಾನೇ ವಿಶ್ಲೇಷಿಸಿ ಪ್ರಕಟಿಸಬೇಕು, ಲೋಕ ಅದರ ತಪ್ಪು ತೋರಿಸಲಿ ಎನ್ನುತ್ತಿದ್ದವರು. 1960ರಲ್ಲಿ ತರುಣ ತಾಲ್ ಅವರನ್ನು 12½–8½ ಅಂಕಗಳಿಂದ ಸೋಲಿಸಿ ಜಗಜ್ಜೇತನ ಪಟ್ಟವನ್ನು ಕಸಿದುಕೊಂಡ. 1961ರಲ್ಲಿ, ಐವತ್ತರ ಅಂಚಿನಲ್ಲಿದ್ದ ಬೊಟ್ವಿನಿಕ್ 13–8ರಿಂದ ಅದನ್ನು ಮರಳಿ ಪಡೆದರು. ತಪ್ಪು ಹೇಳಿಕೊಡಲು ಅವರ ಜೇಬಿನಲ್ಲಿ ಯಂತ್ರವಿರಲಿಲ್ಲ.

ಆದ್ದರಿಂದ ಸೋತ ದಿನ ಎದುರಾಳಿಯೊಡನೆ ಅರ್ಧ ಗಂಟೆ ಕುಳಿತು ಆಟವನ್ನು ಮತ್ತೆ ನಡೆಸಿ. ಮನೆಗೆ ಬಂದು ನಿಮ್ಮ ಯೋಚನೆಗಳನ್ನು ನೀವೇ ಬರೆಯಿರಿ. ಯಂತ್ರವನ್ನು ಕೇಳುವುದು ಆಮೇಲೆ. ಅಷ್ಟೂ ಆಗದಿದ್ದರೆ, ಸೋಪಾನದ ಮಾತನ್ನು ಅಧ್ಯಕ್ಷರಿಗೇ ಬಿಟ್ಟುಬಿಡೋಣ.