ತೂಕದ ಯಂತ್ರಕ್ಕೆ ಕಾಣದ ಕೊಬ್ಬು

ಅಡುಗೆ ಎಣ್ಣೆಯ ಬಳಕೆಯನ್ನು ಶೇ 10ರಷ್ಟು ಇಳಿಸಬೇಕೆಂದು 2025ರ ಫೆಬ್ರುವರಿಯಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಕರೆ ಕೊಟ್ಟಂದಿನಿಂದ ಬೊಜ್ಜಿನ ಚರ್ಚೆಯೆಲ್ಲ ಬಾಣಲೆ ಮತ್ತು ತೂಕದ ಯಂತ್ರದ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಕರೆ ತಪ್ಪಲ್ಲ, ಆದರೆ ಕೊಬ್ಬನ್ನು ಬರಿಯ ಭಾರವೆಂದು ಎಣಿಸುವ ನೀತಿಯು ಕೊಡಗಿನಂಥ ಜಿಲ್ಲೆಯಲ್ಲಿ ಅಪಾಯದ ಅಂಚಿನಲ್ಲಿರುವ ಅನೇಕರನ್ನು ಆರೋಗ್ಯವಂತರ ಪಟ್ಟಿಗೆ ಸೇರಿಸಿಬಿಡುತ್ತದೆ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಎರಡು ಅಂಕಿಗಳನ್ನು ಯಾರೂ ಅಕ್ಕಪಕ್ಕ ಇಟ್ಟು ಓದುತ್ತಿಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ದೇಹ ತೂಕ ಸೂಚ್ಯಂಕವು 25 ಮುಟ್ಟಿದವರನ್ನು ಎಣಿಸಿದರೆ ದೇಶದ ಮಹಿಳೆಯರಲ್ಲಿ ಶೇ 24 ಮಂದಿ ಅತಿತೂಕದವರು. ಅದೇ ಸಮೀಕ್ಷೆಯಲ್ಲಿ ಸೊಂಟದ ಸುತ್ತಳತೆಯನ್ನು ನಿತಂಬದ ಸುತ್ತಳತೆಯೊಡನೆ ಹೋಲಿಸಿ ನೋಡಿದಾಗ ಅಪಾಯದ ಗೆರೆ ದಾಟಿದವರು ಶೇ 56.7. ಪುರುಷರಲ್ಲಿ ಶೇ 22.9 ಇದ್ದದ್ದು ಶೇ 47.7ಕ್ಕೆ ಏರುತ್ತದೆ. ಈ ಅಂತರದಲ್ಲಿರುವ ಕೋಟ್ಯಂತರ ಜನರ ಕುರಿತು ಯಾವ ಅಭಿಯಾನವೂ ಮಾತಾಡುತ್ತಿಲ್ಲ.

ಕೊಬ್ಬು ಉಗ್ರಾಣವಷ್ಟೇ ಅಲ್ಲ, ಹಾರ್ಮೋನು ಸ್ರವಿಸುವ ಅಂಗವೂ ಹೌದೆಂಬುದು 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡವು ಲೆಪ್ಟಿನ್ ವಂಶವಾಹಿಯನ್ನು ಗುರುತಿಸಿದಾಗಲೇ ಸ್ಪಷ್ಟವಾಗಿತ್ತು. ಲೆಪ್ಟಿನ್ ದೇಹದ ಸಂಗ್ರಹವೆಷ್ಟೆಂದು ಮೆದುಳಿಗೆ ತಿಳಿಸುವ ಹಾರ್ಮೋನು. ಇನ್ಸುಲಿನ್ನಿನ ಕೆಲಸಕ್ಕೆ ನೆರವಾಗುವ ಅಡಿಪೊನೆಕ್ಟಿನ್ ಕೂಡ ಕೊಬ್ಬಿನ ಕೋಶಗಳಿಂದಲೇ ಹುಟ್ಟುವುದಾದರೂ ಬೊಜ್ಜು ಹೆಚ್ಚಿದಂತೆ ಅದರ ಪ್ರಮಾಣ ಕುಸಿಯುತ್ತದೆ. ಚರ್ಮದಡಿಯ ಕೊಬ್ಬಿಗಿಂತ ಕರುಳಿನ ಸುತ್ತ ಕಟ್ಟುವ ಒಳಕೊಬ್ಬು ಹೆಚ್ಚು ಅಪಾಯಕಾರಿ, ಏಕೆಂದರೆ ಅದರಿಂದ ಹೊರಡುವ ಕೊಬ್ಬಿನಾಮ್ಲಗಳೂ ಉರಿಯೂತಕಾರಕ ರಾಸಾಯನಿಕಗಳೂ ರಕ್ತನಾಳದ ಮೂಲಕ ನೇರವಾಗಿ ಯಕೃತ್ತನ್ನು ಸೇರಿ ಮಧುಮೇಹಕ್ಕೂ ಹೃದ್ರೋಗಕ್ಕೂ ದಾರಿ ಮಾಡಿಕೊಡುತ್ತವೆ.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಪ್ರಕಟಿಸಿದ ತಮ್ಮದೇ ದೇಹಗಳ ಲೆಕ್ಕ ಇಲ್ಲಿ ನಿರ್ಣಾಯಕ: ಇಬ್ಬರ ಸೂಚ್ಯಂಕವೂ 22.3, ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕರಲ್ಲಿ ಶೇ 21.2. ಅಷ್ಟು ದೂರದ ಉದಾಹರಣೆಯೂ ಬೇಕಿಲ್ಲ. ಕೊಡಗಿನವರು ಚಿಕಿತ್ಸೆಗೆ ಹೋಗುವ ಮೈಸೂರಿನಲ್ಲೇ, ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರೊಳಗೆ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿದ ಅಧ್ಯಯನವು, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇದ್ದುದನ್ನೂ, 3.1 ಕಿಲೋ ಮೀರಿ ಹುಟ್ಟಿದವರಲ್ಲಿ ಅದು ಶೇ 3 ಮಾತ್ರ ಇದ್ದುದನ್ನೂ 1996ರಲ್ಲಿ ತೋರಿಸಿತು. ಅದೇ ಆಸ್ಪತ್ರೆಯ ನಂತರದ ಶಿಶುಗಳ ಅಧ್ಯಯನವಂತೂ, ಮೈಸೂರಿನ ಕೂಸುಗಳು ಬ್ರಿಟನ್ನಿನ ಕೂಸುಗಳಿಗಿಂತ ಎಲ್ಲ ಅಳತೆಯಲ್ಲೂ ಚಿಕ್ಕವಾಗಿದ್ದರೂ ಬೆನ್ನಿನ ಕೊಬ್ಬಿನಲ್ಲಿ ಹೆಚ್ಚು ಹಿಂದುಳಿದಿರಲಿಲ್ಲವೆಂದು ಕಂಡುಕೊಂಡಿತು.

ಕೊಡಗಿನ ಬೊಜ್ಜನ್ನು ಪಂದಿ ಕರಿ ಎಂಬ ಹಂದಿಮಾಂಸದ ಖಾದ್ಯದ ತಲೆಗೆ ಕಟ್ಟಿ ಕಾಫಿ ಬೆಳೆಗಾರರಿಗೆ ಬುದ್ಧಿ ಹೇಳುವವರು ಈ ಪುರಾವೆಯನ್ನು ಓದಬೇಕು. ಸಿದ್ದಾಪುರ, ಪಾಲಿಬೆಟ್ಟಗಳ ತೋಟಗಳಲ್ಲಿ ಕಾರ್ಮಿಕರು ವಾಸಿಸುವ ಲೈನ್ ಮನೆಗಳಲ್ಲಿ ಕಡಿಮೆ ತೂಕದಲ್ಲಿ ಹುಟ್ಟಿ, ಅಕ್ಕಿಯನ್ನೇ ನೆಚ್ಚಿ ಬೆಳೆದ, ತೆಳುವಾದ ಕೈಕಾಲಿನ ಕಾರ್ಮಿಕ ಮಹಿಳೆಯು ತೂಕದ ಯಂತ್ರದ ಮೇಲೆ ನಿಂತಾಗ ಯಾರಿಗೂ ಅನುಮಾನ ಬಾರದು. ತೋಟದ ದುಡಿಮೆ ರಕ್ಷಣೆ ಕೊಡುತ್ತದೆ, ನಿಜ. ಆದರೆ ನಗರದ ಅಂಗಡಿಗೋ ಮನೆಗೆಲಸಕ್ಕೋ ಬದಲಾದ ಅವಳ ಮಗಳಿಗೆ ಆ ರಕ್ಷಣೆ ಇಲ್ಲ.

ಇಂಥವರ ಅಪಾಯವನ್ನು ಗುರುತಿಸಬಲ್ಲ ಅಳತೆ ಟೇಪಿಗಾಗಿ ಹೊಸ ಯೋಜನೆ ಬೇಕಿಲ್ಲ. 30 ವರ್ಷ ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿ ಸೊಂಟದ ಸುತ್ತಳತೆಯ ಪ್ರಶ್ನೆ ಈಗಾಗಲೇ ಇದೆ, ಮಹಿಳೆಯರಿಗೆ 80, ಪುರುಷರಿಗೆ 90 ಸೆಂಟಿಮೀಟರ್ ಗೆರೆಯೂ ಇದೆ. ಮಡಿಕೇರಿಯ ಜಿಲ್ಲಾಡಳಿತ ಆ ಒಂದು ಅಂಕಿಯನ್ನು ತಾಲ್ಲೂಕುವಾರು ಬೇರ್ಪಡಿಸಿ ಪ್ರಕಟಿಸಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಗಲು ಹೊತ್ತು ಲೈನ್ ಮನೆಗಳ ಬಾಗಿಲು ಮುಚ್ಚಿರುವುದರಿಂದ ಭೇಟಿಯನ್ನು ಸಂಜೆಗೋ ರಜೆಯ ದಿನಕ್ಕೋ ಇಟ್ಟುಕೊಳ್ಳಬೇಕು. ನೆರೆಹೊರೆಯವರ ಕಣ್ಣೆದುರು ಸೊಂಟ ಅಳೆಯಿಸಿಕೊಳ್ಳಲು ಹೆಂಗಸರು ಒಪ್ಪುವುದಿಲ್ಲವಾದ್ದರಿಂದ ಆಶಾ ಕಾರ್ಯಕರ್ತೆ ಒಳಕೋಣೆಯಲ್ಲಿ ಕೂತು ಅಳೆಯುವಷ್ಟು ಸಮಯವನ್ನು ಆಕೆಯ ದಿನದ ಗುರಿಯಲ್ಲೇ ಸೇರಿಸಬೇಕು.